ಗುಂಗುರು ಕೂದಲು, ತಲೆಯ ಮೇಲಿನ ಸೆರಗು, ತಿರುಪತಿಯ ಮುಡಿ: ಪಾಸ್‌ಪೋರ್ಟ್ ಫೋಟೋಗೆ ತಲೆ ಹೇಗಿರಬೇಕು?

ಪ್ರಶ್ನೆ: ನಾವು ಹಾವೇರಿಯವರು. ಮಗಳು ಎಂ.ಎಸ್. ಓದಲು ಅಮೆರಿಕಕ್ಕೆ ಹೋಗುವವಳಿದ್ದು, ಮೊದಲು ಪಾಸ್‌ಪೋರ್ಟ್, ಆಮೇಲೆ ವೀಸಾ ಮಾಡಿಸಬೇಕಾಗಿದೆ. ಅವಳದು ದಟ್ಟವಾದ ಗುಂಗುರು ಕೂದಲು. ಬಿಟ್ಟರೆ ಭುಜದ ತನಕ ಹರಡಿಕೊಳ್ಳುತ್ತದೆ, ಕಟ್ಟಿದರೆ ನೆತ್ತಿಯ ಮೇಲೆ ದೊಡ್ಡ ಗಂಟಾಗುತ್ತದೆ. ಎರಡೂ ಕಿವಿ ಕಾಣದಿದ್ದರೆ ಫೋಟೋ ತಿರಸ್ಕಾರವಾಗುತ್ತದೆ ಎಂದು ಸ್ಟುಡಿಯೋದವರು ಹೇಳುತ್ತಾರೆ. ಇದು ನಿಜವೇ? ನಮ್ಮ ಅತ್ತೆಯವರಿಗೂ ಪಾಸ್‌ಪೋರ್ಟ್ ಮಾಡಿಸುವುದಿದೆ. ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ, ತಲೆಯ ಮೇಲಿನ ಸೆರಗನ್ನು ಅವರು ಎಂದೂ ಇಳಿಸಿದವರಲ್ಲ. ಮಗ ಬರುವ ತಿಂಗಳು ತಿರುಪತಿಯಲ್ಲಿ ಮುಡಿ ಕೊಡುವ ಹರಕೆ ಹೊತ್ತಿದ್ದಾನೆ. ಅವನ ಪಾಸ್‌ಪೋರ್ಟನ್ನು ಅದಕ್ಕೆ ಮುಂಚೆಯೇ ಮಾಡಿಸಬೇಕೆ, ಆಮೇಲೆ ಮಾಡಿಸಿದರೂ ನಡೆಯುತ್ತದೆಯೆ?

ಉತ್ತರ: ಕಿವಿಯ ವಿಷಯವನ್ನೇ ಮೊದಲು ಇತ್ಯರ್ಥ ಮಾಡೋಣ. ಕಿವಿ ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಫೋಟೋವನ್ನು ತಿರಸ್ಕರಿಸುವ ನಿಯಮ ಭಾರತದ ಪಾಸ್‌ಪೋರ್ಟಿಗೂ ಇಲ್ಲ, ಅಮೆರಿಕದ ವೀಸಾಕ್ಕೂ ಇಲ್ಲ. ಅವರು ಕೇಳುವುದು ಇಷ್ಟು: ಗದ್ದದ ತುದಿಯಿಂದ ಹಣೆಯ ಮೇಲ್ಭಾಗದವರೆಗೆ ಮುಖ ಪೂರ್ತಿ ಕಾಣಬೇಕು, ಮುಖದ ಎಡ ಬಲ ಅಂಚುಗಳು ಸ್ಪಷ್ಟವಾಗಿರಬೇಕು, ಕೂದಲು ಕಣ್ಣಿಗೆ ಅಡ್ಡ ಬರಬಾರದು. ಹಾಗೆಂದು ನಿಮ್ಮ ಸ್ಟುಡಿಯೋದವರು ಕೆಟ್ಟ ಸಲಹೆ ಕೊಟ್ಟಿದ್ದಾರೆ ಎನ್ನಲಾರೆ. ಕೂದಲನ್ನು ಕಿವಿಯ ಹಿಂದಕ್ಕೆ ಸೇರಿಸಿಬಿಟ್ಟರೆ ಮುಖದ ಅಂಚು ತಾನಾಗಿಯೇ ತೆರೆದುಕೊಳ್ಳುತ್ತದೆ. ಆದ್ದರಿಂದ ಅದು ನಿಯಮವಲ್ಲದಿದ್ದರೂ ನಿಯಮವನ್ನು ಪಾಲಿಸುವ ಅತಿ ಸುಲಭದ ಉಪಾಯ.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಒಂದು ಹಳೆಯ ಕಾರಣವೂ ಇರಬಹುದು. ಅಮೆರಿಕದ ಗ್ರೀನ್ ಕಾರ್ಡಿಗೆ 2004ರವರೆಗೆ ಮುಖವನ್ನು ಓರೆಯಾಗಿ ತಿರುಗಿಸಿ, ಬಲಗಿವಿ ಕಾಣುವಂತೆ ತೆಗೆದ ಫೋಟೋ ಕೊಡಬೇಕಾಗಿತ್ತು. ಆ ವರ್ಷ ಅದನ್ನು ಕೈಬಿಟ್ಟು, ನೇರವಾಗಿ ಕ್ಯಾಮೆರಾ ನೋಡುವ ಫೋಟೋವನ್ನೇ ಕಡ್ಡಾಯ ಮಾಡಿದರು. ಆ ಕಾಲದಲ್ಲಿ ಕೆಲಸ ಕಲಿತವರ ಕೈಯಲ್ಲಿ ‘ಅಮೆರಿಕಕ್ಕಾದರೆ ಕಿವಿ ಕಾಣಬೇಕು’ ಎಂಬ ಪಾಠ ಹಾಗೆಯೇ ಮುಂದುವರಿದಿದೆ ಎಂಬುದು ನನ್ನ ಅಂದಾಜು.

ಕೂದಲಿನ ಬಗ್ಗೆ ಏನೇ ನಿರ್ಧಾರ ಮಾಡುವ ಮೊದಲು ಈ ಫೋಟೋವನ್ನು ಯಾರು ನೋಡುತ್ತಾರೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಮೊದಲೆಲ್ಲ ಪಾಸ್‌ಪೋರ್ಟಿಗೆ ಅಂಟಿಸಿದ ಫೋಟೋವನ್ನು ನೋಡುತ್ತಿದ್ದವರು ಮನುಷ್ಯರು ಮಾತ್ರ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, 2003ರಲ್ಲಿ ಪ್ರವಾಸಿ ದಾಖಲೆಗಳಿಗೆ ಮುಖವನ್ನೇ ಪ್ರಧಾನ ಜೈವಿಕ ಗುರುತಾಗಿ ಆರಿಸಿಕೊಂಡ ಮೇಲೆ, ಆ ಫೋಟೋವನ್ನು ಯಂತ್ರವೂ ಓದುವಂತಾಯಿತು. ಇಂದು ಇ-ಪಾಸ್‌ಪೋರ್ಟಿನ ಚಿಪ್‌ನೊಳಗೆ ಕೂರುವುದೂ ಅದೇ ಚಿತ್ರ. ವಿಮಾನ ನಿಲ್ದಾಣದ ಸ್ವಯಂಚಾಲಿತ ಗೇಟಿನ ಕ್ಯಾಮೆರಾ ನಿಮ್ಮ ಮುಖವನ್ನು ತಾಳೆ ನೋಡುವುದೂ ಅದರ ಜೊತೆಗೇ. ಯಂತ್ರಕ್ಕೆ ಮುಖ್ಯವಾಗುವುದು ಎರಡು ಕಣ್ಣುಗಳ ನಡುವಿನ ಅಂತರ, ಹುಬ್ಬು, ಮೂಗು, ಬಾಯಿ, ಗದ್ದ ಇವುಗಳ ಸ್ಥಾನ. ಕೂದಲು ಇಂದು ಉದ್ದ, ನಾಳೆ ಗಿಡ್ಡ, ನಾಡಿದ್ದು ಬಣ್ಣ ಬಣ್ಣ ಎಂಬುದು ಈ ವ್ಯವಸ್ಥೆಯನ್ನು ರೂಪಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ನಿಮ್ಮ ಮಗಳ ಕೂದಲು ಗುಂಗುರಾಗಿದೆಯೋ ನೇರವಾಗಿದೆಯೋ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ಆ ಕೂದಲು ಮುಖದ ಯಾವ ಭಾಗವನ್ನು ಮುಚ್ಚುತ್ತದೆ, ಎಲ್ಲಿ ನೆರಳು ಹಾಕುತ್ತದೆ, ತಲೆಯ ಎತ್ತರವನ್ನು ಎಷ್ಟು ಹೆಚ್ಚಿಸಿ ತೋರಿಸುತ್ತದೆ ಎಂಬುದಷ್ಟೇ ಪ್ರಶ್ನೆ.

ಮುಚ್ಚುವುದು ಮತ್ತು ನೆರಳು ಹಾಕುವುದು ಬಹುತೇಕ ಒಟ್ಟಿಗೇ ಬರುವ ತೊಂದರೆಗಳು. ಗುಂಗುರು ಕೂದಲನ್ನು ಬಿಟ್ಟುಕೊಂಡಾಗ ಅದು ಕೆನ್ನೆಯ ಮೂಳೆಯ ಮಟ್ಟದಲ್ಲಿ ಒಳಕ್ಕೆ ಬಾಗಿ, ದವಡೆಯ ರೇಖೆಯನ್ನು ಎರಡೂ ಕಡೆಯಿಂದ ಕಚ್ಚಿಹಾಕುತ್ತದೆ. ಕನ್ನಡಿಯಲ್ಲಿ ಇದು ನಮಗೆ ತಿಳಿಯುವುದಿಲ್ಲ, ಏಕೆಂದರೆ ತಲೆಯನ್ನು ಅತ್ತಿತ್ತ ತಿರುಗಿಸುತ್ತಾ ನೋಡಿಕೊಳ್ಳುತ್ತೇವೆ. ಫೋಟೋದಲ್ಲಿ ಮಾತ್ರ ಮುಖ ನಿಜಕ್ಕಿಂತ ಕಿರಿದಾಗಿ ಕಾಣುತ್ತದೆ. ಹಣೆಯ ಮೇಲೆ ಇಳಿಬಿಟ್ಟ ಮುಂಗುರುಳು ಹುಬ್ಬನ್ನು ಮುಟ್ಟದೆ ಇದ್ದರೂ ಸಾಲದು. ದೀಪ ಮೇಲಿನಿಂದ ಬೀಳುವ ಕಡೆ ಅದರ ನೆರಳು ಜಾರಿ ರೆಪ್ಪೆಯ ಮೇಲೆ, ಕಣ್ಣಿನ ಗುಳಿಯಲ್ಲಿ ಕೂರುತ್ತದೆ. ಸ್ಟುಡಿಯೋದಲ್ಲಾದರೆ ಎರಡು ಪಕ್ಕದಿಂದ ಬೆಳಕು ಕೊಟ್ಟು ಈ ನೆರಳನ್ನು ತೆಗೆಯಬಹುದು. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಕಚೇರಿಯ ಬೆಳಕೇ ಗತಿ. ಹಾಗಾಗಿ ಹುಬ್ಬಿನ ಮೇಲೆ ಎರಡು ಬೆರಳಗಲ ಹಣೆ ಬರಿದಾಗಿರಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಯಾವ ನಿಯಮದಲ್ಲೂ ಈ ಅಳತೆ ಇಲ್ಲ, ಆದರೆ ಇಷ್ಟು ಜಾಗ ಬಿಟ್ಟರೆ ನೆರಳು ಕಣ್ಣಿನವರೆಗೆ ಇಳಿಯುವುದು ಅಪರೂಪ.

ತಲೆಯ ಎತ್ತರದ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ಮಗಳಿಗೆ ನಿಜವಾಗಿ ತೊಡಕಾಗುವುದು ಕಿವಿಯಲ್ಲ, ನೆತ್ತಿಯ ಮೇಲಿನ ಆ ಗಂಟು. ಐಸಿಎಒ ಮಾನದಂಡದಲ್ಲಿ ನೆತ್ತಿ ಎಂದರೆ ಕೂದಲೇ ಇಲ್ಲದಿದ್ದರೆ ತಲೆಬುರುಡೆ ಎಲ್ಲಿಗೆ ಮುಗಿಯುತ್ತಿತ್ತೋ ಆ ಬಿಂದು. ಉಬ್ಬಿದ ಕೂದಲನ್ನು ಅದು ಲೆಕ್ಕಿಸುವುದಿಲ್ಲ. ಅಮೆರಿಕದ ವೀಸಾ ಫೋಟೋದಲ್ಲಿ ಹಾಗಲ್ಲ. ಅಲ್ಲಿ ಗದ್ದದ ತುದಿಯಿಂದ ಕೂದಲೂ ಸೇರಿದಂತೆ ತಲೆಯ ತುದಿಯವರೆಗೆ ಅಳೆಯುತ್ತಾರೆ, ಮತ್ತು ಆ ಎತ್ತರ ಇಡೀ ಚಿತ್ರದ ಎತ್ತರದಲ್ಲಿ ಶೇಕಡಾ 50ರಿಂದ 69ರೊಳಗೆ ಇರಬೇಕು. ಮುದ್ರಿಸಿದ ಫೋಟೋ 51 ಮಿ.ಮೀ. ಉದ್ದ, 51 ಮಿ.ಮೀ. ಅಗಲದ ಚೌಕ; ಅದರಲ್ಲಿ ತಲೆಗೆ ಸಿಗುವುದು 25ರಿಂದ 35 ಮಿ.ಮೀ. ಈಗ ನೆತ್ತಿಯ ಮೇಲೆ ಎತ್ತರದ ಗಂಟು ಕಟ್ಟಿಕೊಂಡು ಕುಳಿತರೆ ಏನಾಗುತ್ತದೆ ನೋಡಿ. ಗಂಟೇ 8 ಮಿ.ಮೀ. ತಿಂದುಹಾಕಿದರೆ, ಗರಿಷ್ಠ 35ರ ಮಿತಿಯೊಳಗೆ ತಲೆಗೆ ಉಳಿಯುವುದು 27 ಮಿ.ಮೀ. ಮಾತ್ರ. ಫೋಟೋಗ್ರಾಫರ್ ಮಿತಿಯನ್ನು ಪಾಲಿಸಲೆಂದು ಇಡೀ ಚಿತ್ರವನ್ನು ಕುಗ್ಗಿಸುತ್ತಾರೆ, ಮುಖ ಸಣ್ಣದಾಗುತ್ತದೆ. ಮುಖವನ್ನು ದೊಡ್ಡದಾಗಿಯೇ ಇಟ್ಟರೆ ಗಂಟು ಅಳತೆ ಮೀರುತ್ತದೆ. ಎರಡರಲ್ಲಿ ಯಾವುದೂ ನೆಮ್ಮದಿಯ ಮಾತಲ್ಲ. ಗಂಟನ್ನು ಕತ್ತಿನ ಹಿಂಭಾಗಕ್ಕೆ ಇಳಿಸಿಬಿಟ್ಟರೆ ಈ ಸಮಸ್ಯೆಯೇ ಇರುವುದಿಲ್ಲ, ಏಕೆಂದರೆ ಎದುರಿನ ಕ್ಯಾಮೆರಾಗೆ ಅದು ಕಾಣುವುದೇ ಇಲ್ಲ.

ಭಾರತದ ಪಾಸ್‌ಪೋರ್ಟಿಗೂ ಇದೇ ಮಾತು ಸಲ್ಲುತ್ತದೆ. ಸೆಪ್ಟೆಂಬರ್ 2025ರಿಂದ ವಿದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳು ಐಸಿಎಒ ಮಾನದಂಡದ ಫೋಟೋವನ್ನೇ ಕೇಳುತ್ತಿವೆ: ಬಿಳಿ ಹಿನ್ನೆಲೆ, 630 ಪಿಕ್ಸೆಲ್ ಅಗಲ, 810 ಪಿಕ್ಸೆಲ್ ಎತ್ತರ, ಮುಖ ಚಿತ್ರದ ಶೇಕಡಾ 80ರಿಂದ 85ರಷ್ಟನ್ನು ತುಂಬಿರಬೇಕು. ಮುಖವೇ ಅಷ್ಟು ಜಾಗ ಹಿಡಿದ ಮೇಲೆ ನೆತ್ತಿಯ ಮೇಲಿನ ಗಂಟಿಗಾಗಲಿ, ಅಗಲವಾಗಿ ಹರಡಿದ ಕೂದಲಿಗಾಗಲಿ ಚೌಕಟ್ಟಿನಲ್ಲಿ ಸ್ಥಳವೆಲ್ಲಿ? ಮುಂದೆ ನಿಮ್ಮ ಮಗಳು ಅಲ್ಲಿಂದಲೇ ಪಾಸ್‌ಪೋರ್ಟ್ ನವೀಕರಿಸಬೇಕಾಗಿ ಬಂದರೆ ಈ ಅಂಕಿಗಳು ಅವಳಿಗೆ ಬೇಕಾಗುತ್ತವೆ.

ಊರಿನಲ್ಲಿ ಅರ್ಜಿ ಹಾಕುವಾಗ ಸ್ಟುಡಿಯೋ ಫೋಟೋ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ನಿಮಗೆ ಹತ್ತಿರವಾಗಬಹುದು. ಅಲ್ಲಿ ‘ಎ’ ಕೌಂಟರಿನಲ್ಲಿ ದಾಖಲೆ ಸ್ಕ್ಯಾನ್ ಮಾಡಿ, ಬೆರಳಚ್ಚು ತೆಗೆದುಕೊಂಡು, ಫೋಟೋವನ್ನೂ ಅಲ್ಲೇ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ 4.5 ಸೆಂ.ಮೀ. ಎತ್ತರ, 3.5 ಸೆಂ.ಮೀ. ಅಗಲದ, ಬಿಳಿ ಹಿನ್ನೆಲೆಯ ಫೋಟೋ ಒಯ್ಯಬೇಕು. ಟೋಕನ್ ಸಂಖ್ಯೆ ಬಂದ ಕೂಡಲೇ ಕುರ್ಚಿಯಲ್ಲಿ ಕೂರಬೇಕು. ಆಗ ಪಿನ್ ಹುಡುಕುತ್ತಾ, ಕೂದಲು ಸರಿಪಡಿಸುತ್ತಾ ನಿಲ್ಲಲು ಸಮಯವಿರುವುದಿಲ್ಲ. ಬೆಳಗ್ಗೆ ಹಾವೇರಿಯಿಂದ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಬಂದ ತಲೆಯೇ ಹತ್ತು ವರ್ಷ ಪಾಸ್‌ಪೋರ್ಟಿನಲ್ಲಿ ಉಳಿಯಬಾರದು ಎಂದಿದ್ದರೆ, ಬಾಚಣಿಗೆ, ನಾಲ್ಕು ಕಪ್ಪು ಹೇರ್‌ಪಿನ್, ಒಂದು ರಬ್ಬರ್ ಬ್ಯಾಂಡ್ ಕೈಚೀಲದಲ್ಲಿರಲಿ, ಮತ್ತು ಸರದಿಗೆ ಕಾಯುವಾಗಲೇ ಎಲ್ಲವನ್ನೂ ಮುಗಿಸಿಕೊಂಡಿರಲಿ. ಫೋಟೋ ತೆಗೆದಾದ ಮೇಲೆ ಹೇಗೆ ಬಂದಿದೆ ಎಂದು ಕೇಳಿ ನೋಡಿಕೊಳ್ಳುವುದರಲ್ಲಿ ಸಂಕೋಚ ಬೇಡ. ಕೂದಲ ಎಳೆ ಕಣ್ಣಿಗೆ ಅಡ್ಡ ಬಂದಿದ್ದರೆ ಇನ್ನೊಮ್ಮೆ ತೆಗೆಯುವಂತೆ ವಿನಯದಿಂದ ಆಗಲೇ ಕೇಳಬೇಕು. ಮನೆಗೆ ಪಾಸ್‌ಪೋರ್ಟ್ ಬಂದ ಮೇಲೆ ಕೇಳಿ ಫಲವಿಲ್ಲ.

ಮಗಳಿಗೆ ನಾನು ಹೇಳುವ ವಿಧಾನ ಇದು. ಹಿಂದಿನ ದಿನ ತಲೆಸ್ನಾನ ಮಾಡಲಿ, ಅದೇ ದಿನ ಬೇಡ, ಏಕೆಂದರೆ ಆಗಷ್ಟೇ ಒಣಗಿದ ಗುಂಗುರು ಕೂದಲು ಅತಿಯಾಗಿ ಉಬ್ಬಿರುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವುದಾದರೆ ಅಂಗೈಯಲ್ಲಿ ತಿಕ್ಕಿ ಉಳಿದ ಪಸೆಯಷ್ಟೇ ಸಾಕು. ಹೆಚ್ಚಾದರೆ ಅದು ಹಣೆಗೆ ಇಳಿದು, ದೀಪದ ಹೊಳಪು ಬಿಳಿಯ ಮಚ್ಚೆಯಾಗಿ ಚಿತ್ರದಲ್ಲಿ ಬೀಳುತ್ತದೆ. ಬೈತಲೆ ನಡುವಿಗೆ ತೆಗೆದರೂ ಸರಿ, ಪಕ್ಕಕ್ಕೆ ತೆಗೆದರೂ ಸರಿ. ಕೂದಲನ್ನು ಕಿವಿಯ ಮೇಲಿಂದ ಹಿಂದಕ್ಕೆ ತಂದು ಕತ್ತಿನ ಬುಡದಲ್ಲಿ ಸಡಿಲವಾಗಿ ಕಟ್ಟಿ, ಕಿವಿಯ ಮುಂದೆ ಸಿಡಿದು ನಿಲ್ಲುವ ಸಣ್ಣ ಗುಂಗುರುಗಳನ್ನು ಕಿವಿಯ ಹಿಂದೆ ಕೂದಲೊಳಗೇ ಅಡಗುವಂತೆ ಪಿನ್ ಹಾಕಲಿ. ತಲೆಗೂದಲು ಬಿಗಿಯಾಗಿ ಮೆತ್ತಿಕೊಳ್ಳುವಂತೆ ಎಳೆದು ಕಟ್ಟುವ ಅಗತ್ಯವಿಲ್ಲ. ಬಿಟ್ಟುಕೊಳ್ಳಲೇಬೇಕು ಎಂದು ಅವಳಿಗೆ ಮನಸ್ಸಿದ್ದರೆ ಅದಕ್ಕೂ ಅಡ್ಡಿಯಿಲ್ಲ. ಎರಡೂ ಪಕ್ಕದ ಕೂದಲನ್ನು ಭುಜದ ಹಿಂದಕ್ಕೆ ಸರಿಸಿ, ಕೆನ್ನೆಯ ಅಂಚು ಕಿವಿಯ ಬುಡದವರೆಗೆ ಕಾಣುವಂತೆ ನೋಡಿಕೊಂಡರೆ ಆಯಿತು. ಅಗಲವಾದ ಹೇರ್‌ಬ್ಯಾಂಡ್ ಬೇಡ, ಅದನ್ನು ತಲೆಯ ಹೊದಿಕೆ ಎಂದು ಪರಿಗಣಿಸುವ ಸಂಭವವಿದೆ. ಮಲ್ಲಿಗೆ ದಂಡೆ ಮುಡಿದು ಬರುವುದು ನಮ್ಮಲ್ಲಿ ಶುಭಕಾರ್ಯದ ಲಕ್ಷಣ, ನನಗೂ ಅದು ಪ್ರಿಯವೇ. ಆದರೆ ಬಿಳಿ ಹಿನ್ನೆಲೆಯ ಮುಂದೆ ಬಿಳಿ ಮಲ್ಲಿಗೆ ಕರಗಿಹೋಗಿ, ತಲೆಯ ಅಂಚು ಅಲ್ಲಲ್ಲಿ ಹರಿದಂತೆ ಕಾಣುತ್ತದೆ. ಫೋಟೋ ಮುಗಿದ ಮೇಲೆ ಮುಡಿದುಕೊಳ್ಳಲಿ.

ವೀಸಾದ ಡಿಎಸ್-160 ಅರ್ಜಿಯೊಂದಿಗೆ ಕಳಿಸುವ ಫೋಟೋ ಕಳೆದ ಆರು ತಿಂಗಳೊಳಗೆ ತೆಗೆದದ್ದಾಗಿರಬೇಕು. ಪಾಸ್‌ಪೋರ್ಟಿನಲ್ಲಿ ಕಟ್ಟಿದ ಕೂದಲು, ವೀಸಾದಲ್ಲಿ ಬಿಟ್ಟ ಕೂದಲು ಇದ್ದರೆ ಏನೂ ತೊಂದರೆಯಿಲ್ಲ. ಈ ಫೋಟೋವನ್ನು ಮಾತ್ರ ನೀವು ಸ್ಟುಡಿಯೋದಲ್ಲೇ ತೆಗೆಸುತ್ತೀರಿ, ಆದ್ದರಿಂದ ಅಲ್ಲಿ ನಡೆಯುವ ಒಂದು ಕೆಲಸದ ಬಗ್ಗೆ ನಿಮ್ಮನ್ನು ಎಚ್ಚರಿಸಲೇಬೇಕು. ಅನೇಕ ಸ್ಟುಡಿಯೋಗಳಲ್ಲಿ ಯಾವುದೋ ಪರದೆಯ ಮುಂದೆ ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ವ್ಯಕ್ತಿಯ ಸುತ್ತ ಕತ್ತರಿಸಿ, ಹಿಂದೆ ಬಿಳಿ ಬಣ್ಣ ತುಂಬುತ್ತಾರೆ. ನೇರ ಕೂದಲಿನವರಲ್ಲಿ ಇದು ಕಣ್ಣಿಗೆ ಬೀಳದೆ ಹೋಗಬಹುದು. ಗುಂಗುರು ಕೂದಲಿನವರಲ್ಲಿ ಸುರುಳಿಗಳ ನಡುವೆ ಹಳೆಯ ಹಿನ್ನೆಲೆಯ ಬಣ್ಣ ಚುಕ್ಕೆ ಚುಕ್ಕೆಯಾಗಿ ಉಳಿದುಬಿಡುತ್ತದೆ, ಇಲ್ಲವೇ ಸುರುಳಿಗಳನ್ನೇ ಬೋಳಿಸಿದಂತೆ ಕತ್ತರಿಸಿ ತಲೆಯ ಸುತ್ತ ನುಣುಪಾದ ಗೆರೆ ಎಳೆದಿರುತ್ತಾರೆ. ಕೆನ್ನೆಯ ಮೇಲಿನ ಎಳೆಗಳನ್ನು ಅಳಿಸುವುದು, ಮುಖ ತಿಳಿಯಾಗಿಸುವುದು, ಬೈತಲೆ ತುಂಬುವುದು ಇವೂ ಅದರ ಜೊತೆಗೇ ನಡೆಯುತ್ತವೆ. ಫೋಟೋವನ್ನು ಸಾಫ್ಟ್‌ವೇರ್, ಮೊಬೈಲ್ ಆ್ಯಪ್, ಫಿಲ್ಟರ್ ಅಥವಾ ಕೃತಕ ಬುದ್ಧಿಮತ್ತೆಯಿಂದ ಬದಲಿಸಬಾರದು ಎಂದು ಅಮೆರಿಕದ ವಿದೇಶಾಂಗ ಇಲಾಖೆ ಸ್ಪಷ್ಟವಾಗಿ ಹೇಳುತ್ತದೆ. ಭಾರತದ ನಿಯಮವೂ ಅದೇ. ಆದ್ದರಿಂದ ನಿಜವಾದ ಬಿಳಿ ಪರದೆಯ ಮುಂದೆ, ಪರದೆಯಿಂದ ಮೂರು ನಾಲ್ಕು ಅಡಿ ಮುಂದೆ ಕುಳಿತು ತೆಗೆಸಿಕೊಳ್ಳಿ, ಸರಿಯಾದ ಅಳತೆಗೆ ಕತ್ತರಿಸುವುದರ ಹೊರತು ಬೇರೇನೂ ಮಾಡಬೇಡಿ ಎಂದು ಮೊದಲೇ ಹೇಳಿ. ಸಿಡಿದು ನಿಂತ ಎಳೆಯನ್ನು ಕಂಪ್ಯೂಟರಿನಲ್ಲಿ ತೆಗೆಯುವುದಕ್ಕಿಂತ ಒದ್ದೆ ಬೆರಳಿನಿಂದ ಕೂರಿಸಿ ಮತ್ತೊಮ್ಮೆ ಕ್ಲಿಕ್ ಮಾಡುವುದು ಎಷ್ಟೋ ಮೇಲು.

ಇನ್ನು ನಿಮ್ಮ ಅತ್ತೆಯವರ ವಿಷಯ. ಬಿಳಿ ಹಿನ್ನೆಲೆಯ ಮುಂದೆ ಬೆಳ್ಳಗಿನ ಕೂದಲು ಕುಳಿತಾಗ, ಅದರಲ್ಲೂ ಬೆಳಕು ಹೆಚ್ಚಾಗಿದ್ದರೆ, ತಲೆ ಎಲ್ಲಿ ಮುಗಿಯಿತು, ಪರದೆ ಎಲ್ಲಿ ಆರಂಭವಾಯಿತು ಎಂಬುದೇ ತಿಳಿಯದಂತಾಗುತ್ತದೆ. ಬ್ರಿಟನ್ ತನ್ನ ಪಾಸ್‌ಪೋರ್ಟ್ ಫೋಟೋಗೆ ತಿಳಿ ಬೂದು ಅಥವಾ ಕೆನೆ ಬಣ್ಣದ ಹಿನ್ನೆಲೆ ಕೇಳುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ನಮ್ಮಲ್ಲಿ ಬಿಳಿಯೇ ನಿಯಮ. ಇದಕ್ಕಾಗಿ ಕೂದಲಿಗೆ ಬಣ್ಣ ಹಚ್ಚಿಸುವ ಗೋಜಿಗೆ ಹೋಗಬೇಡಿ. ಕೂದಲನ್ನು ಸ್ವಲ್ಪ ಎಣ್ಣೆಯ ಪಸೆಯೊಂದಿಗೆ ನಯವಾಗಿ ಬಾಚಿ, ಹಿಂದೆ ತುರುಬು ಕಟ್ಟಿದರೆ ಅದು ಚದುರಿದ ಒಣ ಕೂದಲಿಗಿಂತ ಒಂದು ಛಾಯೆ ಗಾಢವಾಗಿ ಕಾಣುತ್ತದೆ, ತಲೆಯ ಅಂಚು ಉಳಿಯುತ್ತದೆ. ಸೀರೆ ಕುಪ್ಪಸ ಎರಡೂ ಗಾಢ ಬಣ್ಣದ್ದಿರಲಿ. ನಿಮ್ಮ ಕಡೆಯ ಕೆಂಪು ಅಂಚಿನ ಇಳಕಲ್ ಸೀರೆ ಇದ್ದರೆ ಅದಕ್ಕಿಂತ ಚೆನ್ನಾದದ್ದು ಬೇಡ.

ಸೆರಗಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ತಲೆಯ ಹೊದಿಕೆಗೆ ನಿಯಮದಲ್ಲಿ ರಿಯಾಯಿತಿ ಇರುವುದು ಧಾರ್ಮಿಕ ಕಾರಣಕ್ಕೆ ಮಾತ್ರ. ಸಿಖ್ಖರ ಪೇಟ, ಮುಸ್ಲಿಂ ಮಹಿಳೆಯರ ಹಿಜಾಬ್, ಕ್ರೈಸ್ತ ಸನ್ಯಾಸಿನಿಯರ ತಲೆವಸ್ತ್ರ ಇವೆಲ್ಲ ಆ ರಿಯಾಯಿತಿಯಲ್ಲಿ ಬರುತ್ತವೆ, ಅವುಗಳಲ್ಲಿಯೂ ಗದ್ದದಿಂದ ಹಣೆಯ ಮೇಲ್ಭಾಗದವರೆಗೆ ಮುಖ ತೆರೆದಿರಬೇಕು, ಹೊದಿಕೆಯ ನೆರಳು ಬೀಳಬಾರದು. ಹಿರಿಯರ ಎದುರು ಗೌರವಕ್ಕಾಗಿ ಹೊದ್ದ ಸೆರಗು, ಗೌಡರ ರುಮಾಲು, ಗಾಂಧಿ ಟೋಪಿ ಇವು ಪದ್ಧತಿಯ ಮಾತಾದ್ದರಿಂದ ಕೌಂಟರಿನಲ್ಲಿ ತೆಗೆಯಲು ಹೇಳುತ್ತಾರೆ ಎಂದೇ ಸಿದ್ಧರಾಗಿ ಹೋಗಬೇಕು. ಅರವತ್ತು ವರ್ಷ ಸೆರಗು ಇಳಿಸದ ಹೆಣ್ಣುಮಗಳಿಗೆ ಅಪರಿಚಿತರ ನಡುವೆ ಏಕಾಏಕಿ ‘ಅಜ್ಜಿ, ಸೆರಗು ತೆಗೀರಿ’ ಎಂದರೆ ಎಷ್ಟು ಮುಜುಗರವಾಗುತ್ತದೆ ಎಂಬುದನ್ನು ನಾನು ಬಲ್ಲೆ. ಆ ಮುಜುಗರ ಫೋಟೋದಲ್ಲಿಯೂ ಇಳಿಯುತ್ತದೆ: ತಲೆ ತಗ್ಗುತ್ತದೆ, ಕಣ್ಣು ಕೆಳಗಾಗುತ್ತದೆ, ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ. ಆದುದರಿಂದ ಮನೆಯಲ್ಲಿಯೇ ಅವರಿಗೆ ತಿಳಿಸಿ ಹೇಳಿ, ಒಂದೆರಡು ಸಲ ಸೆರಗನ್ನು ಹೆಗಲಿಗೆ ಇಳಿಸಿ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿ. ಒಂದು ನಿಮಿಷದ ಮಾತು, ಮುಗಿದ ಕೂಡಲೇ ಹೊದ್ದುಕೊಳ್ಳಬಹುದು ಎಂದು ಮೊದಲೇ ಗೊತ್ತಿದ್ದರೆ ಅವರು ಧೈರ್ಯವಾಗಿ ಕೂರುತ್ತಾರೆ. ಹಿರಿಯ ನಾಗರಿಕರ ಜೊತೆಗೆ ಮನೆಯವರೊಬ್ಬರನ್ನು ಒಳಗೆ ಬಿಡುವಂತೆ ಬಾಗಿಲಲ್ಲೇ ಕೇಳಿಕೊಳ್ಳಿ. ಸೆರಗು ಇಳಿಸುವ ಕೈ ಸೊಸೆಯದೇ ಆಗಿದ್ದರೆ ಒಳ್ಳೆಯದು.

ಅನಾರೋಗ್ಯದಿಂದ ಕೂದಲು ಉದುರಿದವರು ನಿಮ್ಮ ಬಂಧುಗಳಲ್ಲಿ ಯಾರಾದರೂ ಇದ್ದರೆ ಅವರಿಗೂ ಒಂದು ಮಾತು. ಬರಿದಾದ ತಲೆಯ ಫೋಟೋ ಎಲ್ಲಿಯೂ ತಿರಸ್ಕಾರಕ್ಕೆ ಕಾರಣವಲ್ಲ. ದಿನವೂ ವಿಗ್ ಧರಿಸುವವರು ಅದನ್ನೇ ಧರಿಸಿ ಕೂರಬಹುದು, ಅದು ಹಣೆಯ ಮೇಲೆ ಜಾರದಿದ್ದರೆ ಸಾಕು. ವೈದ್ಯಕೀಯ ಕಾರಣಕ್ಕೆ ತಲೆಗೆ ಬಟ್ಟೆ ಕಟ್ಟಿಕೊಂಡಿರಲೇಬೇಕಾದರೆ, ಅಮೆರಿಕ ತನ್ನ ಪಾಸ್‌ಪೋರ್ಟಿನ ಅರ್ಜಿಗೆ ವೈದ್ಯರು ಸಹಿ ಮಾಡಿದ ಪತ್ರ ಕೇಳುತ್ತದೆ.

ಕೊನೆಗೆ ಮಗನ ಮುಡಿ. ಅವನು ತಿರುಪತಿಗೆ ಮೊದಲು ಹೋಗಿ ಬಂದು, ಬೋಳು ತಲೆಯಲ್ಲೇ ಸೇವಾ ಕೇಂದ್ರದ ಕುರ್ಚಿಯಲ್ಲಿ ಕುಳಿತರೂ ಯಾರೂ ಆಕ್ಷೇಪಿಸುವುದಿಲ್ಲ. ಯಂತ್ರದ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ಸ್ವಚ್ಛವಾದ ಮುಖ ಇನ್ನೊಂದಿಲ್ಲ: ನೆತ್ತಿಯ ಬಿಂದು ಊಹಿಸಬೇಕಾಗಿಲ್ಲ, ಅಂಚು ಮುಚ್ಚಿಲ್ಲ, ನೆರಳಿಲ್ಲ. ನೆತ್ತಿ ಹೊಳೆಯದಂತೆ ಒರೆಸಿಕೊಂಡು ಕುಳಿತರೆ ಸಾಕು. ಮೊದಲು ಪಾಸ್‌ಪೋರ್ಟ್ ಆಗಿ ಆಮೇಲೆ ಮುಡಿ ಕೊಟ್ಟರೂ ಪಾಸ್‌ಪೋರ್ಟ್ ಬದಲಿಸಬೇಕಾಗಿಲ್ಲ. ಕೂದಲಿಗೆ ಬಣ್ಣ ಹಚ್ಚುವುದು, ಗಡ್ಡ ಬಿಡುವುದು ಇಂಥವನ್ನು ಚಹರೆಯ ದೊಡ್ಡ ಬದಲಾವಣೆಯೆಂದು ಎಣಿಸುವುದಿಲ್ಲ ಎಂದು ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಪಾಸ್‌ಪೋರ್ಟುಗಳ ಬಗ್ಗೆ ಹೇಳಿದೆ. ನಮ್ಮಲ್ಲಿ ಚಹರೆ ಬದಲಾದ ಕಾರಣಕ್ಕೆ ಮರುವಿತರಣೆ ಕೇಳುವ ಅವಕಾಶ ಅರ್ಜಿಯಲ್ಲಿ ಇದೆ, ಆದರೆ ಅದು ಪೇಟ ಗಡ್ಡಗಳೊಂದಿಗೆ ಇದ್ದವರು ಶಾಶ್ವತವಾಗಿ ಅವನ್ನು ತೆಗೆದಂಥ ಸಂದರ್ಭಗಳಿಗೆ. ಮೂರು ನಾಲ್ಕು ತಿಂಗಳಲ್ಲಿ ಮತ್ತೆ ಬೆಳೆಯುವ ಕೂದಲಿಗೂ, ಅಯ್ಯಪ್ಪನ ಮಾಲೆ ಹಾಕಿದ ದಿನಗಳ ಗಡ್ಡಕ್ಕೂ ಅದರ ಅಗತ್ಯವಿಲ್ಲ. ಒಂದೇ ಒಂದು ಸಂದರ್ಭದಲ್ಲಿ ಮಾತ್ರ ಸ್ವಲ್ಪ ಯೋಚಿಸಿ. ಮುಡಿ ಕೊಟ್ಟ ವಾರದೊಳಗೇ ಅವನು ವಿಮಾನ ಹತ್ತುವುದಿದ್ದರೆ, ಇಮಿಗ್ರೇಷನ್ ಅಧಿಕಾರಿ ಫೋಟೋವನ್ನೂ ಅವನನ್ನೂ ಎರಡು ಸಲ ನೋಡಬಹುದು, ಒಂದೆರಡು ಪ್ರಶ್ನೆ ಕೇಳಬಹುದು. ಆಗ ಟೋಪಿ ತೆಗೆದು, ಮುಡಿ ಕೊಟ್ಟು ಬಂದಿದ್ದೇನೆ ಎಂದು ನೇರವಾಗಿ ಹೇಳಿದರೆ ಸಾಕು. ಹರಕೆಯ ದಿನವನ್ನು ಮುಂದೂಡುವ ಅಗತ್ಯವಿಲ್ಲ.